ಸ್ಕ್ರಾಲ್ ಸಾ ಕೊಳ್ಳುವಾಗ ಮೊದಲು ಬ್ಲೇಡಿನ ಕ್ಲಾಂಪ್ ನೋಡಿ

ಪ್ರಶ್ನೆ: ಬಿಡುವಿನ ವೇಳೆ ಮನೆಯಲ್ಲೇ ಮರಗೆಲಸ ಮಾಡುತ್ತೇನೆ. ತೆಳು ಪ್ಲೈವುಡ್‌ನಲ್ಲಿ ಬಳ್ಳಿಯ ಜಾಲರಿ, ಅಕ್ಷರಗಳು, ಮಕ್ಕಳಿಗೆ ಜೋಡಿಸುವ ಆಟಿಕೆಗಳನ್ನು ಕತ್ತರಿಸಲು ಸ್ಕ್ರಾಲ್ ಸಾ (ಸಣ್ಣ ಬ್ಲೇಡ್ ಮೇಲೆ ಕೆಳಗೆ ಆಡುವ ಗರಗಸದ ಯಂತ್ರ) ಕೊಳ್ಳಬೇಕೆಂದಿದ್ದೇನೆ. ಹೆಚ್ಚು ಖರ್ಚು ಮಾಡುವ ಸ್ಥಿತಿಯಲ್ಲಿಲ್ಲ. 16 ಇಂಚಿನ ಯಂತ್ರ ಸಾಕೇ, 20 ಇಂಚಿನದೇ ಬೇಕೇ? ಮೋಟಾರು ಎಷ್ಟು ವಾಟ್ ಇರಬೇಕು?

ಉತ್ತರ: ನಿಮ್ಮ ಕೆಲಸಕ್ಕೆ 16 ಇಂಚು ಧಾರಾಳವಾಗಿ ಸಾಕು. ಈ ಅಳತೆ ಬ್ಲೇಡಿನಿಂದ ಹಿಂದಿನ ಕಂಬದವರೆಗಿನ ದೂರವನ್ನು ಹೇಳುತ್ತದೆ. ಹಲಗೆಯನ್ನು ಸುತ್ತ ತಿರುಗಿಸುತ್ತಾ ಕತ್ತರಿಸುವುದರಿಂದ 32 ಇಂಚು ಅಗಲದ ವೃತ್ತದ ನಡುಮಧ್ಯಕ್ಕೂ ಬ್ಲೇಡ್ ತಲುಪುತ್ತದೆ. ಇನ್ನು ವಾಟ್. ಸಣ್ಣ ಯಂತ್ರಗಳಲ್ಲಿ ಸಾಮಾನ್ಯವಾಗಿ 90ರಿಂದ 120 ವಾಟ್‌ನ ಮೋಟಾರು ಇರುತ್ತದೆ. ನೂಲಿನಂಥ ಬ್ಲೇಡ್ ಆಡಿಸಲು ಅದಕ್ಕಿಂತ ಹೆಚ್ಚಿನ ಶಕ್ತಿ ಬೇಕಿಲ್ಲ. ಈ ಎರಡು ಅಂಕಿಗಳಿಗೆ ಹೆಚ್ಚುವರಿ ಹಣ ಕೊಡಬೇಡಿ.

ನೀವು ಕೇಳಲೇಬೇಕಾದ ಪ್ರಶ್ನೆ ಬೇರೆ ಇದೆ: ಈ ಯಂತ್ರ ಪಿನ್ ಇಲ್ಲದ ಬ್ಲೇಡನ್ನು ಹಿಡಿಯುತ್ತದೆಯೇ?

ಸ್ಕ್ರಾಲ್ ಸಾ ಬ್ಲೇಡುಗಳಲ್ಲಿ ಎರಡು ಜಾತಿ. ಒಂದರ ಎರಡೂ ತುದಿಗಳಲ್ಲಿ ಅಡ್ಡಲಾಗಿ ಸಣ್ಣ ಪಿನ್ ಇರುತ್ತದೆ. ಕೊಕ್ಕೆಗೆ ಸಿಕ್ಕಿಸಿದರೆ ಮುಗಿಯಿತು. ಇನ್ನೊಂದು ಬರೀ ಚಪ್ಪಟೆ ತುದಿಯದು, ಅದನ್ನು ಕ್ಲಾಂಪಿನಲ್ಲಿ ಅದುಮಿ ಹಿಡಿಯಬೇಕು. ಹೊಸಬರಿಗೆ ಪಿನ್ ಇರುವುದೇ ಸುಲಭ ಎನ್ನಿಸುತ್ತದೆ, ಅತಿ ಅಗ್ಗದ ಯಂತ್ರಗಳಲ್ಲಿ ಕೆಲವು ಅದನ್ನು ಮಾತ್ರ ಸ್ವೀಕರಿಸುತ್ತವೆ. ಆದರೆ ಜಾಲರಿ ಕೆಲಸದಲ್ಲಿ ಪ್ರತಿಯೊಂದು ಕಿಂಡಿಗೂ ಮೊದಲು ರಂಧ್ರ ಕೊರೆದು ಅದರೊಳಗಿಂದ ಬ್ಲೇಡ್ ತೂರಿಸಬೇಕು. ಪಿನ್ ದಾಟಲು ಸುಮಾರು 5 ಮಿ.ಮೀ. ರಂಧ್ರ ಬೇಕು. ಬಳ್ಳಿಯ ಎಲೆಯ ಸಂದಿಯಲ್ಲಿ ಅಷ್ಟು ದೊಡ್ಡ ತೂತು ಹಾಕಿದರೆ ಎಲೆಯೇ ಉಳಿಯುವುದಿಲ್ಲ. ಪಿನ್ ಇಲ್ಲದ 2/0 ಸಂಖ್ಯೆಯ (ಬಹಳ ಸಣ್ಣ ಅಳತೆಯ) ಬ್ಲೇಡ್ 1 ಮಿ.ಮೀ. ರಂಧ್ರದಲ್ಲೇ ನುಸುಳುತ್ತದೆ. ಸೂಕ್ಷ್ಮವಾದ ಬ್ಲೇಡುಗಳೆಲ್ಲ ತಯಾರಾಗುವುದು ಈ ಜಾತಿಯಲ್ಲೇ, 5 ಇಂಚು ಉದ್ದದಲ್ಲಿ. ಪಿನ್ ಬ್ಲೇಡ್ ಮಾತ್ರ ಹಿಡಿಯುವ ಯಂತ್ರ ಎಷ್ಟೇ ಅಗ್ಗವಾಗಿ ಸಿಕ್ಕರೂ ನಿಮ್ಮ ಕೆಲಸಕ್ಕೆ ಅದು ದಂಡ.

ಕ್ಲಾಂಪನ್ನು ನಿಮ್ಮ ಕೈಯಾರೆ ಬಿಚ್ಚಿ ಬಿಗಿಸಿ ನೋಡಿ. ನಲವತ್ತು ಕಿಂಡಿಗಳ ಜಾಲರಿ ಎಂದರೆ ಮೇಲಿನ ತುದಿಯನ್ನು ನಲವತ್ತು ಸಲ ಬಿಚ್ಚಬೇಕು, ತೂರಿಸಬೇಕು, ಮತ್ತೆ ಬಿಗಿಸಬೇಕು. ಬೆರಳಲ್ಲೇ ತಿರುಗಿಸುವ ಸ್ಕ್ರೂ ಇದ್ದರೆ ಕೆಲಸ ಓಡುತ್ತದೆ. ಪ್ರತಿ ಸಲ ಅಲೆನ್ ಕೀ ಹುಡುಕುವ ಯಂತ್ರವಾದರೆ ನೀವು ಒಂದೇ ವಾರದಲ್ಲಿ ಜಾಲರಿಯ ಆಸೆ ಬಿಡುತ್ತೀರಿ. ಮೇಲಿನ ತೋಳು ಎತ್ತಿದಲ್ಲೇ ನಿಲ್ಲುವಂತಿದ್ದರೆ ಇನ್ನೂ ಒಳ್ಳೆಯದು, ಎರಡೂ ಕೈಗಳು ಹಲಗೆಗೆ ಬಿಡುವಾಗುತ್ತವೆ.

ಎರಡನೆಯದು ವೇಗ. ನಿಮಿಷಕ್ಕೆ ಸುಮಾರು 400ರಿಂದ 1600 ಬಡಿತಗಳವರೆಗೆ ಹೆಚ್ಚು ಕಡಿಮೆ ಮಾಡುವ ಸೌಲಭ್ಯ ಇರಲಿ. ಕಲಿಯುವಾಗ ನಿಧಾನ ವೇಗವೇ ಗುರು. ಮುಂದೊಂದು ದಿನ ಅಕ್ರಿಲಿಕ್ ಕತ್ತರಿಸಹೊರಟರೆ ಇದರ ಬೆಲೆ ತಿಳಿಯುತ್ತದೆ: ವೇಗ ಜಾಸ್ತಿಯಾದರೆ ಪ್ಲಾಸ್ಟಿಕ್ ಕರಗಿ, ಕತ್ತರಿಸಿದ ಗೆರೆ ಬ್ಲೇಡಿನ ಹಿಂದೆಯೇ ಮತ್ತೆ ಬೆಸೆದುಕೊಳ್ಳುತ್ತದೆ.

ಮೂರನೆಯದು ನಡುಕ. ತೋಳುಗಳ ರಚನೆಯ ಮೇಲೆ ಇದು ಬಹಳಷ್ಟು ನಿಂತಿದೆ. ದುಬಾರಿ ಯಂತ್ರಗಳಲ್ಲಿ, ಉದಾಹರಣೆಗೆ ಡೀವಾಲ್ಟ್‌ನ 20 ಇಂಚಿನ ಡಿಡಬ್ಲ್ಯೂ 788ರಲ್ಲಿ, ಮುಂದಿನ ಗಿಡ್ಡ ತೋಳುಗಳು ಮಾತ್ರ ಮೇಲೆ ಕೆಳಗೆ ಆಡುತ್ತವೆ. ಅಗ್ಗದವುಗಳಲ್ಲಿ ಉದ್ದನೆಯ ತೋಳುಗಳು ಪೂರ್ತಿಯಾಗಿ ಆಡುವುದರಿಂದ ಅಲುಗಾಟ ಸಹಜ. ಅದನ್ನು ತಗ್ಗಿಸುವುದು ತೂಕ. ಆದ್ದರಿಂದ ಬೀಡು ಕಬ್ಬಿಣದ ಅಡಿಪಾಯವಿರುವ ಭಾರದ ಯಂತ್ರವನ್ನು ಆರಿಸಿ, ಭಾರವಾದ ಮೇಜಿಗೆ ಬೋಲ್ಟ್ ಹಾಕಿ ಕೂರಿಸಿ. ಯಂತ್ರವನ್ನು ಓಡಿಸಿ ನೋಡಲು ಬಿಟ್ಟರೆ ಅದರ ಮೇಜಿನ ಮೇಲೆ ಒಂದು ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ. ಬೀಳದೆ ನಿಂತರೆ ಧೈರ್ಯವಾಗಿ ಕೊಳ್ಳಬಹುದು. ಬಿದ್ದರೆ ತಕ್ಷಣ ತಿರಸ್ಕರಿಸಬೇಡಿ, ಬೋಲ್ಟ್ ಹಾಕದ ಯಂತ್ರ ಒಂದಷ್ಟು ನಡುಗಿಯೇ ನಡುಗುತ್ತದೆ. ಬೇರೆ ಬೇರೆ ವೇಗದಲ್ಲಿ ಮತ್ತೆ ನೋಡಿ.

ದೀಪ, ಹುಡಿ ಊದುವ ಕೊಳವೆ, ಹಲಗೆ ಒತ್ತಿಹಿಡಿಯುವ ಕಾಲು ಇವೆಲ್ಲ ಇದ್ದರೆ ಇರಲಿ. ಬೇರೊಂದು ದೀಪ ಹತ್ತಿರ ಇಟ್ಟುಕೊಂಡರೂ ನಡೆಯುತ್ತದೆ. ಉಳಿಸಿದ ಹಣವನ್ನು ಒಳ್ಳೆಯ ಬ್ಲೇಡಿಗೆ ಹಾಕಿ. ಯಂತ್ರದ ಜೊತೆ ಬರುವ ಬ್ಲೇಡಿನಲ್ಲೇ ಕತ್ತರಿಸಿ, ಯಂತ್ರ ಸರಿಯಿಲ್ಲ ಎಂದು ಮೂಲೆಗಿಟ್ಟವರು ಎಷ್ಟೋ ಮಂದಿ. 3 ಮಿ.ಮೀ. ಪ್ಲೈವುಡ್‌ಗೆ 2/0 ಅಥವಾ 1ನೇ ಸಂಖ್ಯೆ, 6 ಮಿ.ಮೀ.ಗೆ 3, ಸುಮಾರು 20 ಮಿ.ಮೀ. ದಪ್ಪದ ಗಟ್ಟಿ ಮರಕ್ಕೆ 5ರಿಂದ 9ರವರೆಗೆ. ಕೆಳತುದಿಯ ಕೆಲವು ಹಲ್ಲುಗಳು ಮೇಲ್ಮುಖವಾಗಿರುವ ಬ್ಲೇಡ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಪ್ಲೈವುಡ್‌ನ ಅಡಿಭಾಗದಲ್ಲಿ ಸಿಬಿರು ಏಳುವುದು ಬಹಳ ಕಡಿಮೆಯಾಗುತ್ತದೆ.

ಪ್ರಶ್ನೆ: ನನ್ನ ಯಂತ್ರ ನೇರ ಗೆರೆಯಲ್ಲಿ ಹೋಗುವುದೇ ಇಲ್ಲ, ಸದಾ ಒಂದೇ ಕಡೆಗೆ ಎಳೆಯುತ್ತದೆ. ಬ್ಲೇಡುಗಳೂ ಪಟಪಟನೆ ಮುರಿಯುತ್ತವೆ. ಬದಲಿಸಬೇಕೇ?

ಉತ್ತರ: ಬದಲಿಸುವ ಮುನ್ನ ಸ್ವಲ್ಪ ತಾಳ್ಮೆ ಇರಲಿ. ಒಂದೇ ಕಡೆಗೆ ಎಳೆಯುವುದು ಬ್ಲೇಡಿನ ಗುಣ. ತಯಾರಿಕೆಯಲ್ಲಿ ಹಲ್ಲುಗಳ ಒಂದು ಮಗ್ಗುಲಲ್ಲಿ ಲೋಹದ ಸಣ್ಣ ಚೂಪು ಅಂಚು ಉಳಿಯುತ್ತದೆ, ಆ ಕಡೆ ಅದು ಹೆಚ್ಚು ಕತ್ತರಿಸುತ್ತದೆ. ಹಲಗೆಯನ್ನು ತುಸು ಓರೆಯಾಗಿ ಹಿಡಿದು ತಳ್ಳುವುದು ಅಭ್ಯಾಸವಾದರೆ ಇದು ನೆನಪಿಗೂ ಬರುವುದಿಲ್ಲ.

ಮುರಿಯುವುದಕ್ಕೆ ಕಾರಣ ಬಿಗಿತ ಇರಬಹುದು, ಮೊಂಡಾದ ಬ್ಲೇಡ್ ಇರಬಹುದು, ನಿಮ್ಮ ಅವಸರವೂ ಇರಬಹುದು. ಬಿಗಿದ ಬ್ಲೇಡನ್ನು ಹಲ್ಲಿಲ್ಲದ ಬೆನ್ನಿನ ಕಡೆಯಿಂದ ಬೆರಳಲ್ಲಿ ಮೀಟಿ: ತಂತಿಯಂತೆ ಸ್ಪಷ್ಟವಾದ ಎತ್ತರದ ನಾದ ಬರಬೇಕು. ಮಂಕಾಗಿ ಸದ್ದು ಮಾಡಿದರೆ ಸಡಿಲವಿದೆ ಎಂದರ್ಥ. ಹಲಗೆಯನ್ನು ನೂಕಬೇಡಿ, ಬ್ಲೇಡ್ ತಿಂದಷ್ಟೇ ಉಣಿಸಿ. ಕತ್ತರಿಸಿದ ಅಂಚು ಓರೆಯಾಗಿ ಬರುತ್ತಿದ್ದರೆ ದಪ್ಪನೆಯ ತುಂಡಿನ ಅಂಚಿಗೆ ಸ್ವಲ್ಪ ಗೀರು ಹಾಕಿ, ಯಂತ್ರ ನಿಲ್ಲಿಸಿ, ತುಂಡನ್ನು ಬ್ಲೇಡಿನ ಹಿಂಬದಿಗೆ ತಂದು ಅದೇ ಗೀರಿನೊಳಗೆ ಬ್ಲೇಡ್ ಸರಾಗವಾಗಿ ಕೂರುತ್ತದೆಯೇ ನೋಡಿ. ಕೂರದಿದ್ದರೆ ಯಂತ್ರದ ಮೇಜು ಬ್ಲೇಡಿಗೆ ಲಂಬವಾಗಿಲ್ಲ, ಅದನ್ನು ಸರಿಪಡಿಸಿ.

ಬ್ಲೇಡ್ ಬದಲಿಸುವಾಗ ಪ್ಲಗ್ ಕಿತ್ತಿಡಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಕಡ್ಡಾಯ. ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ) ಹುಡಿ ಬಹಳ ಸಣ್ಣದು, ಶ್ವಾಸಕೋಶಕ್ಕೆ ಕೆಟ್ಟದ್ದು.

ಪ್ರಶ್ನೆ: ಸದ್ಯಕ್ಕೆ ಯಂತ್ರಕ್ಕೆ ಹಣವೇ ಇಲ್ಲ. ಹಳೆಯದು ಕೊಳ್ಳಲೇ, ಜಿಗ್‌ಸಾದಲ್ಲಿ ನಿಭಾಯಿಸಲೇ?

ಉತ್ತರ: ಕೈಯಲ್ಲಿ ಹಿಡಿದು ನಡೆಸುವ ವಿದ್ಯುತ್ ಗರಗಸವಾದ ಜಿಗ್‌ಸಾ ಬೇರೆ ಕೆಲಸದ್ದು, ಅದರ ಅಗಲ ಬ್ಲೇಡ್ ಬಿಗಿ ತಿರುವುಗಳಲ್ಲಿ ತಿರುಗುವುದಿಲ್ಲ. ಹಳೆಯ ಯಂತ್ರ ಸಿಕ್ಕರೆ ಪ್ಲಗ್ ಕಿತ್ತು, ತೋಳನ್ನು ಎಡಕ್ಕೂ ಬಲಕ್ಕೂ ಅಲುಗಿಸಿ ನೋಡಿ. ಪಕ್ಕಕ್ಕೆ ಆಡಿದರೆ ಬೇರಿಂಗ್ ಸವೆದಿದೆ, ಬಿಟ್ಟುಬಿಡಿ. ಮೋಟಾರು ಗಟ್ಟಿಯಿದ್ದು 5 ಇಂಚಿನ ಸಾಮಾನ್ಯ ಬ್ಲೇಡ್ ಕೂರುವಂತಿದ್ದರೆ ಬಣ್ಣ ಹೋಗಿದ್ದರೂ ಚಿಂತೆಯಿಲ್ಲ.

ಅದೂ ಸಿಗದಿದ್ದರೆ ಕೈಯಲ್ಲಿ ಹಿಡಿಯುವ ಫ್ರೆಟ್ ಸಾ ಕೊಳ್ಳಿ. ಕಮಾನಿನಂಥ ಚೌಕಟ್ಟು, ಒಂದು ಹಿಡಿ, ಅಷ್ಟೇ. ಇಂಗ್ಲಿಷ್ ವಿ ಆಕಾರದ ಸೀಳಿರುವ ಹಲಗೆಯೊಂದನ್ನು ಮೇಜಿನ ಅಂಚಿಗೆ ಬಿಗಿದುಕೊಂಡು, ಅದರ ಮೇಲೆ ಪ್ಲೈವುಡ್ ಇಟ್ಟು ಕತ್ತರಿಸಬೇಕು. ಅದಕ್ಕೂ ಇದೇ 5 ಇಂಚಿನ ಬ್ಲೇಡ್ ಹೊಂದುತ್ತದೆ. ಹಾಗಾಗಿ ಈಗ ಕೊಳ್ಳುವ ಬ್ಲೇಡಿನ ಕಟ್ಟು ಮುಂದೆ ಯಂತ್ರಕ್ಕೂ ಆಗುತ್ತದೆ.