ಪ್ರಶ್ನೆ ನಿಮ್ಮದು: ಪುಟ್ಟ ಮಕ್ಕಳ ನಿದ್ರಾರೋಗಕ್ಕೆ ಮಾತ್ರೆ ಸಾಲದೇ?

ಪ್ರಶ್ನೆ: ಆಫ್ರಿಕಾದ ನಿದ್ರಾರೋಗಕ್ಕೆ ಈಗ ಮಾತ್ರೆಯೇ ಬಂದಿದೆ ಎಂದು ಓದಿದ್ದೆ. ಆದರೆ ಕಾಂಗೋದಲ್ಲಿ ಶುಶ್ರೂಷಕಿಯಾಗಿರುವ ನನ್ನ ಸಂಬಂಧಿಯು, ರೋಗ ಮಿದುಳಿಗೆ ಏರಿದ ನಾಲ್ಕು ವರ್ಷದ ಮಗುವಿಗೆ ಇಂದಿಗೂ ಡ್ರಿಪ್ ಹಾಕುತ್ತಾರೆ ಎನ್ನುತ್ತಾಳೆ. ಇದೇಕೆ?

ಉತ್ತರ: ನಿಮ್ಮ ಸಂಬಂಧಿ ಹೇಳಿದ್ದು ಸರಿ. 2018ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯ ಸಮ್ಮತಿ ಪಡೆದ ಫೆಕ್ಸಿನಿಡಜೋಲ್ ಮಾತ್ರೆಯನ್ನು ಊಟದೊಡನೆ 10 ದಿನ ನುಂಗಿದರೆ ಸಾಕಾಗುತ್ತದೆಯಾದರೂ, ಅದನ್ನು ಆರು ವರ್ಷ ತುಂಬಿದ, ಕನಿಷ್ಠ 20 ಕಿಲೋ ತೂಕದ ಮಕ್ಕಳಿಗೆ ಮಾತ್ರ ಕೊಡಬಹುದು. ಅದಕ್ಕಿಂತ ಚಿಕ್ಕವರಲ್ಲಿ ಎರಡನೆಯ ಹಂತದ ಗ್ಯಾಂಬಿಯೆನ್ಸ್ (ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಬಗೆಯ) ನಿದ್ರಾರೋಗಕ್ಕೆ, ಅಂದರೆ ಸೆಟ್ಸೆ ನೊಣದಿಂದ ಬಂದ ಪರೋಪಜೀವಿಯು ಮಿದುಳನ್ನು ಹೊಕ್ಕ ಮೇಲೆ, ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವುದು ಎರಡು ಔಷಧಗಳ ಜೋಡಿಯನ್ನು: ಎಫ್ಲಾರ್ನಿಥಿನ್ ಅನ್ನು 12 ಗಂಟೆಗೊಮ್ಮೆ ರಕ್ತನಾಳದ ಮೂಲಕ 7 ದಿನ, ನಿಫುರ್ಟಿಮಾಕ್ಸ್ ಮಾತ್ರೆಯನ್ನು ದಿನಕ್ಕೆ ಮೂರು ಸಲ 10 ದಿನ. ಮೊದಲ ಹಂತಕ್ಕೆ ಬಳಸುವ ಪೆಂಟಮಿಡೀನ್ ಮಿದುಳಿಗೆ ಸಾಕಷ್ಟು ತಲುಪದ ಕಾರಣ ಇಲ್ಲಿ ಉಪಯೋಗಕ್ಕೆ ಬಾರದು.

ಎರಡು ಹೊತ್ತು ಡ್ರಿಪ್ ಎಂದರೆ ಕ್ರೂರವೆನಿಸಬಹುದು. ಆದರೆ ಹಿಂದೆ ಇದ್ದದ್ದು ಮೆಲಾರ್ಸೊಪ್ರಾಲ್. ಆರ್ಸೆನಿಕ್‌ನಿಂದ, ಅಂದರೆ ನಮ್ಮವರು ಪಾಷಾಣವೆನ್ನುವ ವಿಷದಿಂದ ತಯಾರಾದ ಆ ಮದ್ದು ರಕ್ತನಾಳವನ್ನು ಸುಡುತ್ತಿದ್ದುದಲ್ಲದೆ, ನೂರರಲ್ಲಿ 5ರಿಂದ 10 ರೋಗಿಗಳ ಮಿದುಳಿಗೆ ತೀವ್ರ ಹಾನಿ ಮಾಡುತ್ತಿತ್ತು. ಅವರಲ್ಲಿ ಸುಮಾರು ಅರ್ಧದಷ್ಟು ಜನ ಸಾಯುತ್ತಿದ್ದರು. ಆನಂತರ ಬಂದ ಎಫ್ಲಾರ್ನಿಥಿನ್ ಒಂದನ್ನೇ ಕೊಡುತ್ತಿದ್ದಾಗ 14 ದಿನಗಳಲ್ಲಿ 56 ಬಾರಿ ಡ್ರಿಪ್ ಹಾಕಬೇಕಿತ್ತು. ಜೋಡಿ ಚಿಕಿತ್ಸೆ ಅದನ್ನು 14ಕ್ಕೆ ಇಳಿಸಿತು. ಪೂರ್ವ ಆಫ್ರಿಕಾದ ರೊಡೇಸಿಯೆನ್ಸ್ ಬಗೆಯಲ್ಲಿ ಮಾತ್ರ, ಇಷ್ಟು ಚಿಕ್ಕ ಮಕ್ಕಳಿಗೆ ಎರಡನೆಯ ಹಂತದಲ್ಲಿ ಇಂದಿಗೂ ಮೆಲಾರ್ಸೊಪ್ರಾಲೇ ಗತಿಯಾಗಿರುವುದು, ನನ್ನ ದೃಷ್ಟಿಯಲ್ಲಿ, ಈ ಕ್ಷೇತ್ರದ ದೊಡ್ಡ ಕೊರತೆ.

ವಾಸ್ತವದಲ್ಲಿ ಕಷ್ಟವಿರುವುದು ಶುಶ್ರೂಷೆಯಲ್ಲಿ. ಔಷಧವನ್ನು ಮಗುವಿನ ತೂಕಕ್ಕೆ ಲೆಕ್ಕ ಹಾಕಬೇಕು, ಅದನ್ನು ಕರಗಿಸುವ ದ್ರವವನ್ನೂ ಆ ಪುಟ್ಟ ದೇಹಕ್ಕೆ ತಕ್ಕಂತೆ ಕಡಿಮೆ ಮಾಡಬೇಕು, ಸೂಜಿ ಚುಚ್ಚಿದ ಜಾಗಕ್ಕೆ ಸೋಂಕು ತಗುಲದಂತೆ ಕಾಯಬೇಕು. ನಿಫುರ್ಟಿಮಾಕ್ಸ್‌ನಿಂದ ವಾಂತಿ, ಎಫ್ಲಾರ್ನಿಥಿನ್‌ನಿಂದ ಅಪಸ್ಮಾರದಂಥ ಸೆಳೆತ ಬರಬಹುದಾದ್ದರಿಂದ ಹಗಲುರಾತ್ರಿ ಯಾರಾದರೂ ಹತ್ತಿರವಿರಲೇಬೇಕು. ಒಂದೇ ಸಲ ನುಂಗುವ ಅಕೊಝಿಬೊರೋಲ್ ಅನ್ನು ಮಕ್ಕಳಲ್ಲೂ ಪರೀಕ್ಷೆಗೆ ಒಳಪಡಿಸಲಾಗಿದ್ದು, ಭರವಸೆ ಅಲ್ಲಿದೆ.

ಚಿಕಿತ್ಸೆ ಮುಗಿದ ಮೇಲೂ ಎರಡು ವರ್ಷ ಗಮನವಿರಲಿ ಎಂದು ಮನೆಯವರಿಗೆ ಹೇಳುತ್ತಾರೆ: ಹಗಲು ತೂಕಡಿಕೆ, ರಾತ್ರಿ ನಿದ್ರೆಗೇಡು, ನಡಿಗೆ ಅಥವಾ ವರ್ತನೆಯಲ್ಲಿ ಬದಲಾವಣೆ ಮರುಕಳಿಸಿದರೆ ಬೆನ್ನುಹುರಿಯ ದ್ರವವನ್ನು ಮತ್ತೆ ಪರೀಕ್ಷಿಸಬೇಕಾಗುತ್ತದೆ.