ಗೇರ್‌ಬಾಕ್ಸ್ ಮೊದಲು, ಎಂಜಿನ್ ಆಮೇಲೆ

ಪ್ರಶ್ನೆ: ನನ್ನ ಬಳಿ 1971ರ ಷೆವ್ರೊಲೆ ಸಿ10 ಪಿಕಪ್ ಇದೆ. ಲಾಂಗ್ ಬೆಡ್, 307 ಘನ ಇಂಚಿನ ವಿ8, ಟಿಎಚ್350 ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಅನುಪಾತ 3.73. ಹೆಚ್ಚುಕಡಿಮೆ ಪ್ರತಿ ವಾರಾಂತ್ಯ 1,800 ಕೆ.ಜಿ. ತೂಕದ ದೋಣಿಯ ಟ್ರೇಲರ್ ಎಳೆಯಬೇಕು. ಜಿಎಂ ಕಂಪನಿಯ ಎಲ್‌ಎಸ್ ಸರಣಿಯ 5.3 ಲೀಟರ್ ವಿ8 ಎಂಜಿನ್ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಅದರ ಜೊತೆ ಯಾವ ಗೇರ್‌ಬಾಕ್ಸ್?
— ಓದುಗರು, ಹ್ಯೂಸ್ಟನ್, ಟೆಕ್ಸಸ್

ಉತ್ತರ: ಪ್ರಶ್ನೆಯನ್ನು ತಿರುಗಿಸಿ ಹಾಕಿಕೊಳ್ಳಿ. ನೀವು ಎಳೆಯುವ ತೂಕ, ಆಕ್ಸಲ್ ಅನುಪಾತ, ಟೈರಿನ ಎತ್ತರ, ಈ ಮೂರೂ ಗೇರ್‌ಬಾಕ್ಸನ್ನು ನಿರ್ಧರಿಸುತ್ತವೆ. ಆ ಗೇರ್‌ಬಾಕ್ಸ್ ಯಾವ ಎಂಜಿನ್ ಜೊತೆ ಕಾರ್ಖಾನೆಯಿಂದಲೇ ಬಂದಿತ್ತೋ ಅದನ್ನೇ ಕೊಳ್ಳಿ.

28 ಇಂಚಿನ ಟೈರಿನಲ್ಲಿ ಗಂಟೆಗೆ 65 ಮೈಲಿ ವೇಗಕ್ಕೆ ಈಗ ನಿಮ್ಮ ಎಂಜಿನ್ ನಿಮಿಷಕ್ಕೆ ಸುಮಾರು 2,900 ಸುತ್ತು ತಿರುಗುತ್ತಿದೆ. ಟಿಎಚ್350ರಲ್ಲಿ ಓವರ್‌ಡ್ರೈವ್, ಅಂದರೆ ಹೆದ್ದಾರಿಯಲ್ಲಿ ಎಂಜಿನ್ ಸುತ್ತು ಇಳಿಸುವ ಮೇಲಿನ ಗೇರ್, ಇಲ್ಲ. ಅದಿರುವ ನಾಲ್ಕು ಗೇರಿನ ಆಟೊಮ್ಯಾಟಿಕ್ 4ಎಲ್60ಇ ಹಾಕಿದರೆ (ನಾಲ್ಕನೇ ಗೇರ್ 0.70) ಅದು 2,040ಕ್ಕೆ ಇಳಿಯುತ್ತದೆ, 4ಎಲ್80ಇ ಆದರೆ (0.75) ಸುಮಾರು 2,180. ಹೆದ್ದಾರಿಯಲ್ಲಿ ವ್ಯತ್ಯಾಸ ಅಷ್ಟೇ. ಮೊದಲ ಗೇರ್‌ನಲ್ಲಿ 4ಎಲ್60ಇ (3.06) ಜೋರು, 4ಎಲ್80ಇ (2.48) ಸ್ವಲ್ಪ ಮೆತ್ತಗೆ ಅನ್ನುತ್ತಾರೆ. ನಿಜ, ಆದರೆ ನೀವು ಇಷ್ಟು ವರ್ಷ ಓಡಿಸಿದ ಟಿಎಚ್350ರದ್ದು 2.52. ಅದಕ್ಕೂ ಇದಕ್ಕೂ ಕಾಲಿಗೆ ಗೊತ್ತಾಗುವ ಫರಕಿಲ್ಲ.

4ಎಲ್60ಇ ಸಾಯುವುದು ಬಹುತೇಕ ಒಂದೇ ಕಡೆ: ಮೂರು-ನಾಲ್ಕನೇ ಗೇರ್‌ಗಳ ಕ್ಲಚ್ ಪ್ಯಾಕ್. ಹೊರೆ ಹೊತ್ತು ಏರು ಹತ್ತುವಾಗ ಮೂರಕ್ಕೂ ನಾಲ್ಕಕ್ಕೂ ಹೊಯ್ದಾಡುತ್ತಾ ಆಯಿಲ್ ಕಾಯುತ್ತದೆ, ಪ್ಲೇಟು ಸುಡುತ್ತದೆ. ಮೂರನೇ ಗೇರ್ ಬಿದ್ದಾಗ ಎಂಜಿನ್ ಮಾತ್ರ ಕಿರುಚಿ ಗಾಡಿ ಮುಂದೆ ಹೋಗದಿದ್ದರೆ ಅದು ಮುಗಿಯಿತು ಅಂತಲೇ ಲೆಕ್ಕ. ವರ್ಷಕ್ಕೆ ನಾಲ್ಕೈದು ಸಲ ಹಗುರ ಟ್ರೇಲರ್ ಎಳೆಯುವವರಿಗೆ ದೊಡ್ಡ ಆಯಿಲ್ ಕೂಲರ್ ಹಾಕಿದರೆ ಅದು ಸಾಕು. ಹ್ಯೂಸ್ಟನ್ ಸೆಕೆಯಲ್ಲಿ ವಾರಾವಾರ 1,800 ಕೆ.ಜಿ. ಎಳೆಯುವ ನಿಮಗೆ 4ಎಲ್80ಇ. ಭಾರ ಜಾಸ್ತಿ, ಒಪ್ಪಿದೆ.

ಹಾಗಾದರೆ ಎಂಜಿನ್ ತಾನಾಗಿಯೇ ಸಿಕ್ಕಿತು: ಅದೇ ಎಲ್‌ಎಸ್ ಸರಣಿಯ, 6.0 ಲೀಟರಿನ ಎಲ್‌ಕ್ಯೂ4. ಷೆವ್ರೊಲೆಯ ಸಿಲ್ವರಾಡೊ 2500ಎಚ್‌ಡಿ ಪಿಕಪ್ಪಿನಲ್ಲಿ ಇವೆರಡೂ ಜೋಡಿಯಾಗಿ ಬರುತ್ತಿದ್ದವು. ಗುಜರಿಯಲ್ಲಿ ಒಂದೇ ಗಾಡಿಯಿಂದ ಎಂಜಿನ್, ಗೇರ್‌ಬಾಕ್ಸ್, ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವುದು), ಫ್ಲೆಕ್ಸ್‌ಪ್ಲೇಟ್ (ಅದನ್ನು ಎಂಜಿನ್ನಿಗೆ ಜೋಡಿಸುವ ತಟ್ಟೆ), ವೈರಿಂಗ್ ಹಾರ್ನೆಸ್, ಕಂಪ್ಯೂಟರ್ ಎಲ್ಲ ಇಳಿಸಿಕೊಳ್ಳಿ. 2003ರಿಂದೀಚೆಯದಾದರೆ ಆಕ್ಸಿಲರೇಟರ್ ಪೆಡಲ್ ಮತ್ತು ಅದರ ಟ್ಯಾಕ್ ಮಾಡ್ಯೂಲ್ (ಥ್ರಾಟಲನ್ನು ವಿದ್ಯುತ್ತಿನಿಂದ ನಡೆಸುವ ಡಬ್ಬಿ) ಕೂಡ ಬೇಕು, ಯಾಕೆಂದರೆ ಅದರಲ್ಲಿ ಥ್ರಾಟಲ್ ಕೇಬಲ್ ಇಲ್ಲ. 1999-2000ರ ಎಲ್‌ಕ್ಯೂ4ಗೆ ಕಬ್ಬಿಣದ ಹೆಡ್, ಫ್ಲೆಕ್ಸ್‌ಪ್ಲೇಟ್ ಕೂರುವ ಕ್ರ್ಯಾಂಕ್ ಫ್ಲ್ಯಾಂಜ್ ಉದ್ದ. ಅದಕ್ಕೆ ಬೇರೆ ವರ್ಷದ ಫ್ಲೆಕ್ಸ್‌ಪ್ಲೇಟ್ ಬೆರೆಸಬೇಡಿ. 6.0 ಸಿಗದೆ 5.3 ತಗೊಂಡರೆ 2007ರ ನಂತರದ, ನಾಲ್ಕು ಸಿಲಿಂಡರ್ ತಾನೇ ಬಂದ್ ಮಾಡಿಕೊಳ್ಳುವ ಎಂಜಿನ್ ಬಿಡಿ, ಅದರ ಲಿಫ್ಟರ್ ಕೈಕೊಡುತ್ತವೆ. 2001-06ರ 5.3ರಲ್ಲಿ 706 ನಂಬರಿನ ಹೆಡ್ ಇದ್ದರೆ ಕ್ಯಾಸ್ಟೆಕ್ (ಹೆಡ್ ಎರಕ ಹೊಯ್ದ ಕಂಪನಿ) ಗುರುತು ಹುಡುಕಿ. ಅಂಥ ಹೆಡ್‌ಗಳಲ್ಲಿ ಕೆಲವು ಬಿರುಕು ಬಿಟ್ಟು, ಹೊರಗೆ ಒಂದು ಹನಿಯೂ ಕಾಣದಂತೆ ಕೂಲೆಂಟ್ ಆಯಿಲ್‌ಗೆ ಇಳಿಯುತ್ತದೆ.

ಕೂರಿಸುವಾಗ ಎಡವುವ ಜಾಗಗಳು ಕೆಲವಿವೆ. ಸಿಲ್ವರಾಡೊದ ಆಯಿಲ್ ಚೇಂಬರ್ ಸಿ10ರ ಕ್ರಾಸ್‌ಮೆಂಬರಿಗಿಂತ ಕೆಳಗೆ ಜೋತುಬೀಳುತ್ತದೆ. ಇಂಥ ಎಂಜಿನ್ ಬದಲಾವಣೆಗೆಂದೇ ಸಿಗುವ ಗಿಡ್ಡ ಚೇಂಬರ್ ಹಾಕಿ. ಅದರ ಜೊತೆ ಆಯಿಲ್ ಹೀರುವ ಪಿಕಪ್ ಟ್ಯೂಬೂ ಬದಲು. ಆ ಟ್ಯೂಬ್ ಆಯಿಲ್ ಪಂಪಿಗೆ ಸೇರುವಲ್ಲಿ ಒಂದು ಓ-ರಿಂಗ್, ಹಿಡಿಯುವುದಕ್ಕೆ ಒಂದೇ ಬೋಲ್ಟ್. ಬೋಲ್ಟ್ ಬಿಗಿ ಮಾಡಿ ಎಳೆದು ಕೂರಿಸಿದರೆ ರಿಂಗ್ ಒಂದು ಬದಿಗೆ ಕಚ್ಚಿಕೊಂಡು ಹರಿಯುತ್ತದೆ. ಪಂಪ್ ಆಯಿಲ್ ಬದಲು ಗಾಳಿ ಎಳೆದು ಒತ್ತಡ ಬೀಳುತ್ತದೆ. ರಿಂಗಿಗೆ ಆಯಿಲ್ ಸವರಿ, ಟ್ಯೂಬನ್ನು ಕೈಯಲ್ಲೇ ನೆಟ್ಟಗೆ ಒತ್ತಿ ಪೂರ್ತಿ ಕೂತ ಮೇಲೆ ಬೋಲ್ಟ್ ಹಾಕಿ.

ಟಾರ್ಕ್ ಕನ್ವರ್ಟರನ್ನು ಗೇರ್‌ಬಾಕ್ಸ್ ಒಳಗೆ ತಳ್ಳುತ್ತಾ ತಿರುಗಿಸಿ, ಹಂತಹಂತವಾಗಿ ಟಕ್ ಎಂದು ಒಳಗಿಳಿಯಬೇಕು. ಬೆಲ್‌ಹೌಸಿಂಗ್ ಬೋಲ್ಟ್ ಬಿಗಿಯಾದ ಮೇಲೂ ಅದು ಕೈಯಲ್ಲಿ ಸಲೀಸಾಗಿ ತಿರುಗಿ, ಫ್ಲೆಕ್ಸ್‌ಪ್ಲೇಟಿಗೂ ಅದಕ್ಕೂ 3ರಿಂದ 5 ಮಿ.ಮೀ. ಸಂದು ಇರಬೇಕು. ಸಂದೇ ಇಲ್ಲ, ಬೋಲ್ಟ್ ಹಾಕಿ ಎಳೆದುಕೊಳ್ಳೋಣ ಅಂದರೆ ಮೊದಲ ಸ್ಟಾರ್ಟಿಗೇ ಗೇರ್‌ಬಾಕ್ಸ್ ಪಂಪ್ ಪುಡಿ.

ನಿಮ್ಮ ಹಳೇ ಪೆಟ್ರೋಲ್ ಪಂಪ್ ಕೆಲಸಕ್ಕೆ ಬರುವುದಿಲ್ಲ, ಈ ಎಂಜಿನ್ನಿಗೆ 58 ಪಿಎಸ್‌ಐ ಬೇಕು. ಟ್ಯಾಂಕ್ ಒಳಗೆ ಗಂಟೆಗೆ 255 ಲೀಟರ್ ಹರಿಸುವ ಪಂಪ್, ಜೊತೆಗೆ 1999-2003ರ ಕಾರ್ವೆಟ್ ಫಿಲ್ಟರ್. ಅದರಲ್ಲೇ ಒತ್ತಡದ ರೆಗ್ಯುಲೇಟರ್ ಇದೆ. ಟ್ಯಾಂಕಿನ ಹತ್ತಿರ ಹಾಕಿದರೆ ರಿಟರ್ನ್ ಪೈಪ್ ಗಿಡ್ಡದಾಗುತ್ತದೆ. ಹೆಡ್‌ಗಳ ಸ್ಟೀಮ್ ಪೈಪನ್ನು ಮುಚ್ಚಬೇಡಿ, ರೇಡಿಯೇಟರ್ ಮೇಲ್ಭಾಗಕ್ಕೆ ಕೊಡಿ. 1997ರ ನಂತರದ 4ಎಲ್80ಇಗೆ ಕೂಲರಿನಿಂದ ಮರಳುವ ಪೈಪ್ ಹಿಂದಿನ ಫಿಟ್ಟಿಂಗಿಗೇ ಹೋಗಬೇಕು, ಅದಲುಬದಲಾದರೆ ಒಳಗೆ ಆಯಿಲ್ ತಲುಪದೆ ಸವೆಯುತ್ತದೆ. ಗೇರ್‌ಬಾಕ್ಸ್ ಕ್ರಾಸ್‌ಮೆಂಬರ್ ಹಿಂದಕ್ಕೆ ಸರಿಯಬೇಕು, ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ತುಂಡು ಗಿಡ್ಡ ಮಾಡಿಸಬೇಕು. ಶಾಫ್ಟ್ ಗೇರ್‌ಬಾಕ್ಸಿಗೆ ಸೇರುವ ಯೋಕ್ ಕೂಡ ಬೇರೆ: ನಿಮ್ಮದು 27 ಹಲ್ಲು, ಇದು 32. ಕಂಪ್ಯೂಟರಿನ ಕಳ್ಳತನ ತಡೆ ತೆಗೆಸದಿದ್ದರೆ ಎಂಜಿನ್ ಹೊತ್ತಿ ತಕ್ಷಣ ಆರುತ್ತದೆ. ವೈರಿಂಗ್ ಹುಡುಕುತ್ತಾ ವಾರ ಕಳೆಯಬೇಡಿ. 1971ರ ಗಾಡಿಗೆ ಟೆಕ್ಸಸ್‌ನಲ್ಲಿ ಹೊಗೆ ತಪಾಸಣೆ ಇಲ್ಲ.

ಪ್ರಶ್ನೆ: ಕಂಪ್ಯೂಟರ್ ಗೋಜೇ ಬೇಡ. ಅದೇ 5.3ಕ್ಕೆ ಕಾರ್ಬುರೇಟರ್ ಹಾಕಿದರೆ ಅಗ್ಗವಲ್ಲವೇ?
— ಓದುಗರು, ಡಲ್ಲಾಸ್

ಉತ್ತರ: ಅಲ್ಲ. ಈ ಎಂಜಿನ್ನಿಗೆ ಡಿಸ್ಟ್ರಿಬ್ಯೂಟರ್ ಇಲ್ಲ, ಎಂಟು ಕಾಯಿಲ್‌ಗಳನ್ನು ನಡೆಸಲು ಬೇರೆ ಇಗ್ನಿಷನ್ ಬಾಕ್ಸ್ ಬೇಕು. ಅದರ ಮೇಲೆ ಇಂಟೇಕ್ ಮ್ಯಾನಿಫೋಲ್ಡ್, ಕಾರ್ಬುರೇಟರ್. ಉಳಿಸಿದ ದುಡ್ಡು ಅಲ್ಲಿಗೇ ಹೋಯಿತು. ಜೊತೆಗೆ ಕಂಪ್ಯೂಟರ್ ಇಲ್ಲದೆ 4ಎಲ್60ಇ ಗೇರ್ ಬದಲಿಸುವುದಿಲ್ಲ, ಅದಕ್ಕೆ ಪ್ರತ್ಯೇಕ ಕಂಟ್ರೋಲರ್.

ಪ್ರಶ್ನೆ: ನಮ್ಮ ಬೊಲೆರೊ ಪಿಕಪ್‌ಗೆ ಬೇರೆ ಕಂಪನಿಯ ಎಂಜಿನ್ ಹಾಕಿಸಿದರೆ ಆರ್‌ಟಿಒ ಒಪ್ಪುತ್ತಾರಾ?
— ಓದುಗರು, ಹಾಸನ

ಉತ್ತರ: ಒಪ್ಪುವುದಿಲ್ಲ. ತಯಾರಕರು ಕೊಟ್ಟ ವಿವರಕ್ಕಿಂತ ಆರ್‌ಸಿ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅಪಘಾತವಾದರೆ ವಿಮೆ ಕಂಪನಿಗೆ ತಕರಾರು ತೆಗೆಯಲು ಇದೊಂದೇ ಸಾಕು. ಎಂಜಿನ್ ಕೆಟ್ಟಿದ್ದರೆ ಅದೇ ಮಾದರಿಯ, ಅದೇ ಬಗೆಯ ಎಂಜಿನ್ ಹಾಕಿಸಿ, ಕೈ ಹಾಕುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಒಪ್ಪಿಗೆ ಪಡೆದು ಹೊಸ ನಂಬರನ್ನು ಆರ್‌ಸಿಗೆ ಏರಿಸಿಕೊಳ್ಳಿ. ಗುಜರಿಯ ಎಂಜಿನ್ ಆದರೆ ಬಿಲ್‌ನಲ್ಲಿ ಎಂಜಿನ್ ನಂಬರ್ ಜೊತೆ ಅದು ಇಳಿದ ಗಾಡಿಯ ನಂಬರನ್ನೂ ಬರೆಸಿ. ಬರೆದುಕೊಡಲು ಹಿಂದೆಮುಂದೆ ನೋಡುವ ಗುಜರಿಯವನಿಂದ ಎಂಜಿನ್ ತಗೊಳ್ಳಲೇಬೇಡಿ.