ರಾಕೆಟ್ ಮೂಲೆ ಸೇರಿದ ಮೇಲೆ

ಓದುಗರೊಬ್ಬರ ಪತ್ರದ ಸಾರ ಇದು: "ನನ್ನ ಮಗನಿಗೆ 11 ವರ್ಷ. ಎರಡು ವರ್ಷ ಟೆನಿಸ್ ಕೋಚಿಂಗ್‌ಗೆ ಕಳಿಸಿದೆ. ಟೂರ್ನಮೆಂಟ್ ಗೆದ್ದರೆ ಸೈಕಲ್ ಕೊಡಿಸುತ್ತೇನೆ ಎಂದೂ ಹೇಳಿದ್ದೆ. ಈಗ ರಾಕೆಟ್ ಮೂಲೆ ಸೇರಿದೆ. ಆದರೆ ಟಿವಿಯಲ್ಲಿ ಯಾವ ಮ್ಯಾಚ್ ಬಂದರೂ ಅವನು ಜಾಗ ಬಿಟ್ಟು ಏಳುವುದಿಲ್ಲ. ನನಗೆ ಆಟದ ಗಂಧವೇ ಇಲ್ಲ. ನನ್ನ ಮಾವನವರಿಗೆ 72, ಇವತ್ತಿಗೂ ಬ್ಯಾಡ್ಮಿಂಟನ್ ಆಡುತ್ತಾರೆ. ಈ ಹುಚ್ಚು ರಕ್ತದಲ್ಲೇ ಬರುತ್ತದೆಯೇ? ಕಲಿಸಲು ಆಗುತ್ತದೆಯೇ? ಸುಮ್ನೆ ಕೂತು ನೋಡುವುದರಿಂದ ಏನು ಪ್ರಯೋಜನ?" ಹೆಸರು ಹಾಕಬೇಡಿ ಎಂದಿದ್ದಾರೆ. ಹಾಕಿಲ್ಲ.

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ನನ್ನನ್ನು ಹಿಡಿದು ನಿಲ್ಲಿಸಿದ್ದು ಪ್ರಶ್ನೆಗಳಲ್ಲ, ಮಧ್ಯದಲ್ಲಿ ನೀವು ಬರೆದ ಒಂದು ಸಾಲು. "ಕೋಚಿಂಗ್ ಮುಗಿಸಿ ಬರುವಾಗ ದಾರಿಯುದ್ದಕ್ಕೂ ಇವತ್ತು ಏನು ಕಲಿತೆ ಅಂತ ಕೇಳುತ್ತಿದ್ದೆ, ಅವನು ಕಿಟಕಿಯಾಚೆ ನೋಡುತ್ತಿದ್ದ" ಎಂದಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ರಕ್ತದ ವಿಷಯ ಮುಗಿಸೋಣ. ಎತ್ತರ, ಮೈಕಟ್ಟು, ಓಟದ ವೇಗ, ಉಸಿರಿನ ತಾಕತ್ತು, ಇವುಗಳಲ್ಲಿ ಅಪ್ಪ ಅಮ್ಮನ ಪಾಲು ಖಂಡಿತ ಇದೆ. ಆದರೆ ಅದು ಸಾಮರ್ಥ್ಯದ ಮಾತು. ಪ್ರೀತಿಯ ಲೆಕ್ಕವೇ ಬೇರೆ. ಅದಕ್ಕೆ ನಾನೇ ಸಾಕ್ಷಿ. ಚಿಕ್ಕಂದಿನಲ್ಲಿ ನಾನು ಆಡದ ಆಟವಿಲ್ಲ, ಚೆನ್ನಾಗಿ ಆಡಿದ ಆಟವೂ ಇಲ್ಲ. ತಂಡ ಹಂಚುವಾಗ ಕೊನೆಗೆ ಉಳಿಯುತ್ತಿದ್ದವನು ನಾನು. ಒಬ್ಬ ತರಬೇತುದಾರರು ನನ್ನ ಬ್ಯಾಟಿಂಗನ್ನು ಎರಡು ದಿನ ನೋಡಿ, ಮೂರನೇ ದಿನ ಸ್ಕೋರ್ ಪುಸ್ತಕ ಕೈಗಿಟ್ಟರು. ಆಗ ಅಳು ಬಂದಿತ್ತು. ಆದರೆ ಆ ಪುಸ್ತಕವೇ ನನಗೆ ಕ್ರಿಕೆಟ್ ಕಲಿಸಿತು. ರನ್ ಬಾರದ ಎಸೆತಕ್ಕೆ ಒಂದು ಚುಕ್ಕೆ. ಓವರಿನಲ್ಲಿ ಆರಕ್ಕೆ ಆರೂ ಚುಕ್ಕೆಯಾದರೆ ಅವನ್ನು ಗೆರೆಯಿಂದ ಕೂಡಿಸಿ ಇಂಗ್ಲಿಷಿನ 'ಎಂ' ಮಾಡಬೇಕು, ಅದು ಮೇಡನ್. ಅದರಲ್ಲಿ ವಿಕೆಟ್ಟೂ ಬಿದ್ದಿದ್ದರೆ 'ಡಬ್ಲ್ಯೂ'. ಚುಕ್ಕೆ ಇಡುತ್ತಾ ಇಡುತ್ತಾ, ಏನೂ ನಡೆಯಲಿಲ್ಲ ಎಂದು ಬೇರೆಯವರು ಆಕಳಿಸುತ್ತಿದ್ದ ಓವರಿನಲ್ಲಿ ಎಷ್ಟು ನಡೆಯುತ್ತಿತ್ತು ಅಂತ ನನಗೆ ಕಾಣತೊಡಗಿತು. ಮೂರು ಚುಕ್ಕೆ ಬಿದ್ದ ಮೇಲೆ ಬ್ಯಾಟ್ಸ್‌ಮನ್ ಚಡಪಡಿಸುತ್ತಾನೆ. ಬೌಲರ್‌ಗೂ ಅದು ಗೊತ್ತು. ಆ ಪುಸ್ತಕ ಸಿಕ್ಕಿದ್ದು ನನ್ನ ಅದೃಷ್ಟ. ಆಡಲು ಬಾರದ ಎಷ್ಟೋ ಮಕ್ಕಳಿಗೆ ಮೈದಾನದ ಸುತ್ತ ಇಂಥ ಒಂದು ಜಾಗವೂ ಸಿಗುವುದಿಲ್ಲ.

ಕಲಿಸಲು ಆಗುತ್ತದೆಯೇ ಎಂದು ಕೇಳಿದ್ದೀರಿ. ಆಟವನ್ನು ಕಲಿಸಬಹುದು. ಪ್ರೀತಿಗೆ ಜಾಗ ಬಿಡಬಹುದು, ಅಷ್ಟೇ.

ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ಸಂಶೋಧಕ ಜಾನ್ ಕೋತೆ ಆಟಗಾರರ ಬಾಲ್ಯವನ್ನೇ ತಮ್ಮ ವಿಷಯ ಮಾಡಿಕೊಂಡವರು. ಅವರ ಪ್ರಕಾರ ಸುಮಾರು 6ರಿಂದ 12 ವರ್ಷದವರೆಗಿನದು ರುಚಿ ನೋಡುವ ಕಾಲ. ಹತ್ತಾರು ಆಟ ಆಡಿ, ಬಿಟ್ಟು, ಮತ್ತೆ ಹಿಡಿಯುವ ವಯಸ್ಸು. ಒಂದೆರಡು ಆಟಗಳನ್ನು ಗಟ್ಟಿಯಾಗಿ ಹಿಡಿಯುವುದು 13ರ ನಂತರ, ಒಂದಕ್ಕೇ ಪೂರ್ತಿ ತೊಡಗಿಕೊಳ್ಳುವುದು 16ರ ಆಸುಪಾಸಿನಲ್ಲಿ. ಆ ಮೊದಲ ಹಂತದಲ್ಲಿ ಅವರು ಜಾಸ್ತಿ ಒತ್ತು ಕೊಡುವುದು ತರಬೇತಿಗಲ್ಲ, ಮಕ್ಕಳು ತಾವೇ ನಿಯಮ ಮಾಡಿಕೊಂಡು ಆಡುವ ಆಟಕ್ಕೆ.

ಅಂಥ ಆಟವನ್ನು ದೂರ ನಿಂತು ಒಮ್ಮೆ ಗಮನಿಸಿ. ಒಂದು ಕಡೆ ಒಬ್ಬ ಕಡಿಮೆಯಾದರೆ ಯಾರೋ ಒಬ್ಬ ಎರಡೂ ಕಡೆ ಆಡುತ್ತಾನೆ. ತೀರಾ ಚಿಕ್ಕವನು ಔಟಾದರೆ ಅವನಿಗೆ ಇನ್ನೊಂದು ಚಾನ್ಸ್. ಒಂದು ತಂಡ ಸುಲಭವಾಗಿ ಗೆಲ್ಲುತ್ತಿದ್ದರೆ ಆಟಗಾರರನ್ನು ಅದಲು ಬದಲು ಮಾಡುತ್ತಾರೆ. ಇದೆಲ್ಲ ಒಳ್ಳೆಯತನದಿಂದ ಮಾಡುತ್ತಾರೆ ಅಂದುಕೊಳ್ಳಬೇಡಿ. ಬೇಜಾರಾದವನು ಮನೆಗೆ ಹೋಗುತ್ತಾನೆ, ಅವನು ಹೋದರೆ ಆಟ ನಿಲ್ಲುತ್ತದೆ. ಆದ್ದರಿಂದ ಯಾರಿಗೂ ಬೇಜಾರಾಗದ ಹಾಗೆ ನೋಡಿಕೊಳ್ಳುವುದು ಎಲ್ಲರ ಕೆಲಸ. ಕೋಚಿಂಗ್‌ನಲ್ಲಿ ಈ ಭಯವಿಲ್ಲ. ಒಬ್ಬ ಬಿಟ್ಟರೆ ಇನ್ನೊಬ್ಬ ಸೇರುತ್ತಾನೆ.

ಸೈಕಲ್ ವಿಷಯಕ್ಕೆ ಬರೋಣ. 1973ರಲ್ಲಿ ಅಮೆರಿಕದ ಮಾರ್ಕ್ ಲೆಪ್ಪರ್ ಮತ್ತು ಇಬ್ಬರು ಸಂಗಡಿಗರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳನ್ನು ಆರಿಸಿಕೊಂಡಿದ್ದರು. ಕೆಲವರಿಗೆ "ಚಿತ್ರ ಬಿಡಿಸಿದರೆ ಬಹುಮಾನ" ಎಂದು ಮೊದಲೇ ಹೇಳಿ, ಆಮೇಲೆ ಚಿನ್ನದ ಬಣ್ಣದ ಮುದ್ರೆಯಿರುವ ಒಂದು ಸರ್ಟಿಫಿಕೇಟ್ ಕೊಟ್ಟರು. ಕೆಲವು ದಿನಗಳ ನಂತರ ಬಹುಮಾನದ ಸುದ್ದಿಯೇ ಇಲ್ಲದೆ ಪೆನ್ನುಗಳನ್ನು ಮತ್ತೆ ಮುಂದಿಟ್ಟಾಗ ಆ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರ ಸುಮಾರು ಅರ್ಧ. ಹೇಳದೆ ಕೇಳದೆ ಅಚಾನಕ್ಕಾಗಿ ಬಹುಮಾನ ಪಡೆದ ಮಕ್ಕಳಲ್ಲಿ ಈ ಇಳಿತ ಕಾಣಲಿಲ್ಲ. ಅಂದರೆ ತೊಂದರೆ ಸರ್ಟಿಫಿಕೇಟಿನದ್ದಲ್ಲ, ಷರತ್ತಿನದ್ದು. ಸೈಕಲ್ ಬೇಕಿದ್ದರೆ ಕೊಡಿಸಿಬಿಡಿ. ಅದೂ ಒಂದು ಆಟವೇ ಅಲ್ವಾ?

ಗೆಲುವು ಬಂದರೆ ಪ್ರೀತಿ ತಾನಾಗಿ ಬರುತ್ತದೆ ಎಂದು ಅನೇಕರು ನಂಬಿದ್ದಾರೆ. ಆಂದ್ರೆ ಅಗಾಸಿಯನ್ನು ನೆನಪಿಸಿಕೊಳ್ಳಿ. ಅಪ್ಪ ಮನೆಯಲ್ಲೇ ಚೆಂಡು ಎಸೆಯುವ ಯಂತ್ರ ನಿಲ್ಲಿಸಿ ದಿನವೂ ಆಡಿಸಿದರು. ಮಗ ಎಂಟು ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಗೆದ್ದ. ನಿವೃತ್ತನಾದ ಮೇಲೆ, ನನಗೆ ಟೆನಿಸ್ ಎಂದರೆ ದ್ವೇಷವಿತ್ತು ಎಂದು ಬಾಯಿಬಿಟ್ಟು ಹೇಳಿದ. ರೋಜರ್ ಫೆಡರರ್ ಅವರ ತಾಯಿ ಸ್ವತಃ ಟೆನಿಸ್ ಕಲಿಸುತ್ತಿದ್ದವರು, ಆದರೂ ಮಗನ ಕೋಚ್ ಆಗಲಿಲ್ಲ. ಹುಡುಗ ಫುಟ್‌ಬಾಲ್, ಬ್ಯಾಡ್ಮಿಂಟನ್, ಸ್ಕ್ವಾಷ್, ಟೇಬಲ್ ಟೆನಿಸ್ ಎಲ್ಲ ಆಡಿಕೊಂಡೇ ಬೆಳೆದ. ಇಲ್ಲಿಗೇ ನಿಲ್ಲಿಸಿದರೆ ವಾದ ಚೆನ್ನಾಗಿ ಕೂರುತ್ತದೆ. ಆದರೆ ಟೈಗರ್ ವುಡ್ಸ್ 1978ರಲ್ಲಿ, ಎರಡು ವರ್ಷದ ಮಗುವಾಗಿದ್ದಾಗಲೇ, ಟಿವಿಯಲ್ಲಿ ಗಾಲ್ಫ್ ಚೆಂಡು ಹೊಡೆದು ತೋರಿಸಿದ. ಮುಂದೆ ಎಷ್ಟು ಪೆಟ್ಟು, ಎಷ್ಟು ಶಸ್ತ್ರಚಿಕಿತ್ಸೆ ಆದರೂ ಆಟ ಬಿಡಲಿಲ್ಲ. ಹೀಗಾಗಿ ನಿಮಗೆ ಸೂತ್ರ ಕೊಡಲು ನನ್ನ ಕೈಲಿ ಆಗದು. ಮಗು ತಾನಾಗಿ ರಾಕೆಟ್ ಕೇಳುತ್ತಿದೆಯೇ, ನಾವು ಅದರ ಕೈಗೆ ತುರುಕುತ್ತಿದ್ದೇವೆಯೇ ಎಂಬುದನ್ನು ಹೆತ್ತವರೇ ನೋಡಬೇಕು.

ಒಂದು ಸಣ್ಣ ಪ್ರಶ್ನೆ. ನಿಮ್ಮ ಮಗ ಹುಟ್ಟಿದ ತಿಂಗಳು ಯಾವುದು? ಕುತೂಹಲಕ್ಕೆ ಕೇಳುತ್ತಿಲ್ಲ. ಕೆನಡಾದಲ್ಲಿ ಐಸ್ ಹಾಕಿ ಆಡುವ ಮಕ್ಕಳನ್ನು ಜನವರಿ 1ರ ಲೆಕ್ಕದಲ್ಲಿ ವಯಸ್ಸಿನ ಗುಂಪುಗಳಾಗಿ ವಿಂಗಡಿಸುತ್ತಿದ್ದರು. ರಾಜರ್ ಬಾರ್ನ್‌ಸ್ಲಿ ಮತ್ತು ಜೊತೆಗಾರರು 1985ರಲ್ಲಿ ಲೆಕ್ಕ ಹಾಕಿ ನೋಡಿದಾಗ, ಮೇಲಿನ ಮಟ್ಟ ತಲುಪಿದವರಲ್ಲಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರೇ ಜಾಸ್ತಿ, ಕೊನೆಯ ಮೂರು ತಿಂಗಳವರು ತೀರಾ ಕಮ್ಮಿ. ಒಂದೇ ಗುಂಪಿನಲ್ಲಿದ್ದರೂ ಜನವರಿಯ ಹುಡುಗ ಡಿಸೆಂಬರ್ ಹುಡುಗನಿಗಿಂತ ಹೆಚ್ಚುಕಮ್ಮಿ ಒಂದು ವರ್ಷ ದೊಡ್ಡವನು. ಹತ್ತು ವರ್ಷದ ಮೈಗೆ ಅದು ಸಣ್ಣ ಅಂತರವಲ್ಲ. ದೊಡ್ಡವನನ್ನು ಪ್ರತಿಭಾವಂತ ಎನ್ನುತ್ತೇವೆ, ಚಿಕ್ಕವನು ತನಗೆ ಆಟ ಬರುವುದಿಲ್ಲ ಎಂದುಕೊಂಡು ಹೊರಡುತ್ತಾನೆ. ನಿಮ್ಮ ಹುಡುಗ ತನ್ನ ಬ್ಯಾಚಿನಲ್ಲಿ ಚಿಕ್ಕವನಾಗಿದ್ದನೇನೋ, ವಿಚಾರಿಸಿ.

ಇನ್ನು ಕೂತು ನೋಡುವುದು. ಇದರ ಬಗ್ಗೆ ನಿಮ್ಮ ಪತ್ರದಲ್ಲಿ ಸ್ವಲ್ಪ ತಾತ್ಸಾರ ಇದೆ. ದಿನವಿಡೀ ಸೋಫಾ ಬಿಡದಿದ್ದರೆ ಮೈಗೆ ಒಳ್ಳೆಯದಲ್ಲ, ಒಪ್ಪಿದೆ. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ನೋಡುವುದೂ ಒಂದು ಕಲೆ. ಇಟಲಿಯ ಸಂಶೋಧಕರು 2008ರಲ್ಲಿ ಒಂದು ಪರೀಕ್ಷೆ ಮಾಡಿದರು. ಬಾಸ್ಕೆಟ್‌ಬಾಲ್‌ನಲ್ಲಿ ಯಾರೂ ಅಡ್ಡ ಬಾರದೆ ಬುಟ್ಟಿಗೆ ಎಸೆಯುವ ಫ್ರೀ ಥ್ರೋದ ವಿಡಿಯೊವನ್ನು ನಡುವೆ ನಿಲ್ಲಿಸಿ, ಚೆಂಡು ಬುಟ್ಟಿಗೆ ಬೀಳುತ್ತದೆಯೇ ಇಲ್ಲವೇ ಎಂದು ಕೇಳಿದರು. ಆಟಗಾರರು ಚೆಂಡು ಕೈ ಬಿಡುವ ಮೊದಲೇ, ಎಸೆಯುವವನ ಮೈಯ ಚಲನೆಯಿಂದಲೇ ಊಹಿಸುತ್ತಿದ್ದರು. ಕೋಚ್‌ಗಳು ಮತ್ತು ಕ್ರೀಡಾ ಪತ್ರಕರ್ತರು ಚೆಂಡು ಗಾಳಿಯಲ್ಲಿ ಹೋಗುವುದನ್ನು ಕಾಯಬೇಕಾಯಿತು. ಅವರೂ ವರ್ಷಗಟ್ಟಲೆ ನೋಡಿದವರೇ. ಪತ್ರಕರ್ತನಾಗಿ ಇದನ್ನು ಬರೆಯಲು ನನಗೇನೂ ಸಂತೋಷವಿಲ್ಲ. ಕೈಯಿಂದ ಮಾಡಿ ಗೊತ್ತಿರುವವನ ಕಣ್ಣೇ ಬೇರೆ. ನಿಮ್ಮ ಮಗ ಎರಡು ವರ್ಷ ರಾಕೆಟ್ ಹಿಡಿದಿದ್ದ. ಅವನ ಮಟ್ಟ ಏನೇ ಇರಲಿ, ಸರ್ವ್ ಮಾಡುವವನ ಭುಜ ನೋಡಿದಾಗ ಅವನಿಗೆ ಕಾಣುವುದು ನಿಮಗೆ ಕಾಣಲಾರದು. ಆ ಎರಡು ವರ್ಷ ದಂಡ ಎಂದು ಲೆಕ್ಕ ಹಾಕಬೇಡಿ.

ನೋಡುವವರಲ್ಲೂ ಎರಡು ಬಗೆ ಇದೆ. ಒಬ್ಬರಿಗೆ ತಂಡ ಬೇಕು, ಇನ್ನೊಬ್ಬರಿಗೆ ಆಟ ಬೇಕು. ರಾಬರ್ಟ್ ಚಾಲ್ಡೀನಿ ಎಂಬ ಮನಶ್ಶಾಸ್ತ್ರಜ್ಞರ 1976ರ ಅಧ್ಯಯನ ಇದೆ. ಕಾಲೇಜು ತಂಡ ಗೆದ್ದಾಗ ವಿದ್ಯಾರ್ಥಿಗಳು "ನಾವು ಗೆದ್ದೆವು" ಅನ್ನುವುದು ಜಾಸ್ತಿ. ಸೋತಾಗ ಬಾಯಿಗೆ ಬರುವುದು "ಅವರು ಸೋತರು". ನಗಬೇಡಿ, ನಾವೆಲ್ಲ ಮಾಡುವುದೇ ಅದು. ತಂಡದ ಮೇಲಿನ ಪ್ರೀತಿಯೂ ಸಣ್ಣದಲ್ಲ. ಗುರುತೇ ಇಲ್ಲದವರನ್ನು ಒಂದು ಗೋಲು ತಬ್ಬಿಕೊಳ್ಳುವಂತೆ ಮಾಡುತ್ತದೆ. ಆದರೆ "ಯಾವ ಮ್ಯಾಚ್ ಬಂದರೂ" ಎಂದು ಬರೆದಿದ್ದೀರಿ ನೋಡಿ, ಅದರಿಂದ ಅನ್ನಿಸುವುದು, ನಿಮ್ಮ ಮಗ ಎರಡನೇ ಬಗೆಯವನು. ತನ್ನವರು ಯಾರೂ ಆಡದ ಮ್ಯಾಚನ್ನೂ ಕೊನೆತನಕ ನೋಡುವವನಿಗೆ ಈ ಚಟ ಸುಲಭಕ್ಕೆ ಬಿಡುವುದಿಲ್ಲ.

ನೋಡುವುದು ಅಂದರೆ ಕಣ್ಣಿನಿಂದಲೇ ಆಗಬೇಕೆಂದೂ ಇಲ್ಲ. 1983ರ ಕ್ರಿಕೆಟ್ ವಿಶ್ವಕಪ್ಪಿನಲ್ಲಿ, ಜೂನ್ 18ರಂದು ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್‌ನಲ್ಲಿ ಭಾರತ 17 ರನ್‌ಗೆ 5 ವಿಕೆಟ್ ಕಳೆದುಕೊಂಡಿದ್ದಾಗ ಕಪಿಲ್ ದೇವ್ ಔಟಾಗದೆ 175 ಹೊಡೆದರು. ಆ ಆಟದ ವಿಡಿಯೊ ಇಲ್ಲ. ಆದರೂ ಅದನ್ನು ಕಣ್ಣಾರೆ ಕಂಡಂತೆ ವರ್ಣಿಸುವವರು ಎಷ್ಟು ಜನ! ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳಿ, ತಮ್ಮದಿಷ್ಟು ಸೇರಿಸಿ, ಮುಂದಿನವರಿಗೆ ದಾಟಿಸುತ್ತಾರೆ. ನಾನೂ ದಾಟಿಸಿದ್ದೇನೆ, ಸ್ವಲ್ಪ ಸೇರಿಸಿಯೇ.

ನಿಮ್ಮ ಮಾವನವರ ಬಗ್ಗೆ ನೀವು ಬರೆದದ್ದು ಒಂದೇ ಸಾಲು, ನನಗೆ ಇನ್ನಷ್ಟು ಬೇಕಿತ್ತು. 72ರಲ್ಲಿ ಬ್ಯಾಡ್ಮಿಂಟನ್ ಆಡುವವರು 30ರಲ್ಲಿ ಆಡಿದ ಆಟವನ್ನೇ ಆಡುತ್ತಿರಲಾರರು. ಬಹುಶಃ ಸಿಂಗಲ್ಸ್ ಬಿಟ್ಟು ಡಬಲ್ಸ್‌ಗೆ ಬಂದಿರುತ್ತಾರೆ, ಜೋರಾಗಿ ಬಡಿಯುವ ಸ್ಮ್ಯಾಶ್ ಬಿಟ್ಟು ನೆಟ್ಟಿನ ಹತ್ತಿರ ಮೆಲ್ಲಗೆ ಬೀಳಿಸುವ ಡ್ರಾಪ್ ಹಿಡಿದಿರುತ್ತಾರೆ. ಆಟ ಉಳಿಯಬೇಕಾದರೆ ಎಷ್ಟೋ ಸಲ ಅದರ ಒಂದೊಂದು ತುಂಡನ್ನು ಬಿಟ್ಟುಕೊಡಬೇಕಾಗುತ್ತದೆ. ಇಂಗ್ಲೆಂಡಿನ ಚೆಸ್ಟರ್‌ಫೀಲ್ಡ್‌ನಲ್ಲಿ 2011ರಲ್ಲಿ ವಯಸ್ಸಾದವರಿಗಾಗಿ ನಡೆಯುತ್ತಾ ಆಡುವ ಫುಟ್‌ಬಾಲ್ ಶುರುವಾಯಿತು. ಓಡಿದರೆ ತಪ್ಪು, ಎದುರಾಳಿಗೆ ಫ್ರೀ ಕಿಕ್! ಇನ್ನು ಫೌಜಾ ಸಿಂಗ್ ಅವರಂತೂ ಮೊದಲ ಮ್ಯಾರಥಾನ್ ಓಡಿದ್ದೇ 2000ದಲ್ಲಿ, ಲಂಡನ್ನಿನಲ್ಲಿ, ತಮ್ಮ 89ನೇ ವಯಸ್ಸಿನಲ್ಲಿ. ಇದನ್ನು ಹೇಳುತ್ತಿರುವುದು ಮಗನಿಗಲ್ಲ, ನಿಮಗೆ. ನನಗೆ ಆಟದ ಗಂಧವಿಲ್ಲ ಎಂದು ಬಾಗಿಲು ಹಾಕಿಕೊಳ್ಳುವ ವಯಸ್ಸು ನಿಮಗಿನ್ನೂ ಆಗಿಲ್ಲ.

ಈಗ ಆ ಕಿಟಕಿಯ ಸಾಲು. ಕೋಚಿಂಗ್ ಮುಗಿಸಿ ಬರುವ ಮಗುವಿಗೆ ಆ ದಾರಿ ಎರಡನೇ ಪರೀಕ್ಷೆ ಆಗಿತ್ತು ಅನ್ನಿಸುತ್ತದೆ. ತಪ್ಪು ನಿಮ್ಮದಲ್ಲ, ಬೇರೆ ಏನು ಕೇಳಬೇಕೆಂದು ನಿಮಗೆ ತಿಳಿದಿರಲಿಲ್ಲ. ಇನ್ನು ಮುಂದೆ ಟಿವಿ ಮುಂದೆ ಅವನ ಪಕ್ಕ ಕೂತು ನಿಜವಾಗಿ ಗೊತ್ತಿಲ್ಲದ್ದನ್ನು ಕೇಳಿ. ಆಫ್‌ಸೈಡ್ ಅಂದರೇನು? ಡ್ಯೂಸ್ ಎಷ್ಟು ಸಲ ಬರಬಹುದು? ಅವನು ಕಲಿಸಲಿ. ನಿಮಗೆ ತಲೆಗೆ ಹೋಗದಿದ್ದರೆ ಎರಡನೇ ಸಲ ಹೇಳಲಿ.

ಮಾವನವರ ಡಬಲ್ಸ್‌ಗೆ ಯಾವತ್ತಾದರೂ ನಾಲ್ಕನೆಯವರು ಬಾರದೆ ಹೋಗುತ್ತಾರೆ. ಆ ದಿನ ನೀವು ಹೋಗಿ ನಿಲ್ಲಿ. ನಿಮ್ಮ ಸರ್ವ್ ನೆಟ್ ದಾಟುವುದಿಲ್ಲ, ದಾಟಿದ್ದು ಗೆರೆಯಾಚೆ ಬೀಳುತ್ತದೆ, ಮಾವನವರು ನಗು ತಡೆದುಕೊಳ್ಳುತ್ತಾರೆ. ಮಗನನ್ನೂ ಕರೆದುಕೊಂಡು ಹೋಗಿ. ಆಡು ಅನ್ನಬೇಡಿ. ಒಂದು ಪುಸ್ತಕ, ಒಂದು ಪೆನ್ನು ಕೊಟ್ಟು, ಸ್ಕೋರ್ ಬರೆಯುತ್ತೀಯಾ ಅಂತ ಕೇಳಿ ನೋಡಿ.

ಸಂಪಾದಕ